ಸಾವನ್ನು ಬಯಸದ ಸಲ್ಲೇಖನ

ರೋಣ ಸೀಮೆಯ ನರೇಗಲ್ಲಿನಲ್ಲಿ ಗಂಗ ದೊರೆ ಇಮ್ಮಡಿ ಬೂತುಗನ ರಾಣಿ ಪದ್ಮಬ್ಬರಸಿ ಕ್ರಿ.ಶ. 950ರಲ್ಲಿ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಆ ಬೂತುಗನ ಮಗ ಇಮ್ಮಡಿ ಮಾರಸಿಂಹನು ಅನೇಕ ಯುದ್ಧಗಳನ್ನು ಗೆದ್ದು, ಕೊನೆಗೆ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನು ನೋಂತು ದೇಹವಿಟ್ಟನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದ ಶಾಸನ ಇದನ್ನು ಸಾರುತ್ತದೆ.

ಇಂತಹ ವ್ರತವನ್ನು 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಆತ್ಮಹತ್ಯೆಗೆ ಸಮನೆಂದು ಪರಿಗಣಿಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಇತ್ತ, ಕೆಲವು ದೇಶಗಳಲ್ಲಿ ಕಾನೂನು ಒಪ್ಪಿರುವ ವೈದ್ಯರ ನೆರವಿನ ಸಾವಿಗೂ ಸಲ್ಲೇಖನವನ್ನು ಹೋಲಿಸುವವರಿದ್ದಾರೆ. ಈ ಎರಡು ಎಣಿಕೆಗಳಿಗೂ ಶಾಸ್ತ್ರದ ಉತ್ತರ ಒಂದೇ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಬದುಕಬೇಕೆಂಬ ಹಂಬಲದಂತೆಯೇ ಬೇಗ ಸಾಯಬೇಕೆಂಬ ಹಂಬಲವೂ ವ್ರತಕ್ಕೆ ದೋಷ. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಮಾತ್ರ ಧರ್ಮರಕ್ಷಣೆಗಾಗಿ ದೇಹತ್ಯಾಗವೆಂದು ಸಮಂತಭದ್ರರು ಎಲ್ಲೆ ಹಾಕಿದ್ದಾರೆ. ನೋವಿಗೆ ಬೇಸತ್ತು, ದುಃಖಕ್ಕೆ ಸೋತು ಪ್ರಾಣ ನೀಗುವುದು ಕಷಾಯದ ಕೆಲಸ. ಸಲ್ಲೇಖನದಲ್ಲಿ ಮೊದಲು ಕೃಶವಾಗಬೇಕಾದುದು ಆ ಕಷಾಯವೇ.

ನೆರವಿನ ಆತ್ಮಹತ್ಯೆಯನ್ನು ಕಾನೂನುಬದ್ಧಗೊಳಿಸುವುದನ್ನು ಕ್ಯಾಥೊಲಿಕ್ ಧರ್ಮಸಭೆಯೂ ದೃಢವಾಗಿ ವಿರೋಧಿಸುತ್ತ ಬಂದಿದೆ. ಜೀವ ದೇವರ ಕೊಡುಗೆ ಎಂಬುದು ಅದರ ಆಧಾರ. ಆದರೂ, ಸಾವು ಸಮೀಪಿಸಿ ತಪ್ಪಿಸಲಾಗದಂತಾದಾಗ, ಅದನ್ನು ಮುಂದೂಡುವ ಹೊರೆಯಾದ ಚಿಕಿತ್ಸೆಯನ್ನು ನಿರಾಕರಿಸುವುದು ಆತ್ಮಹತ್ಯೆಯಲ್ಲವೆಂದು 1980ರ ವ್ಯಾಟಿಕನ್ ಘೋಷಣೆ ಒಪ್ಪುತ್ತದೆ. ಸೃಷ್ಟಿಕರ್ತನನ್ನು ಒಪ್ಪದ ಜೈನದರ್ಶನ ಅಹಿಂಸೆಯ ದಾರಿಯಿಂದ ಬಂದರೂ, ಸಾವಿನ ಬಯಕೆಗೆ ನೆರವಾಗುವುದು ಕರುಣೆಯಲ್ಲವೆಂಬಲ್ಲಿ ಎರಡೂ ಕೂಡುತ್ತವೆ. ಆದರೆ ಆಹಾರವನ್ನು ಕ್ರಮವಾಗಿ ತ್ಯಜಿಸುವ ವ್ರತವನ್ನು ಜೈನದರ್ಶನ ಮಾತ್ರ ಒಪ್ಪುತ್ತದೆ.

ಹಾಗಾದರೆ ಕರುಣೆ ಯಾವುದು? ವೈಯಾವೃತ್ತ್ಯ, ಅಂದರೆ ಸೇವೆ. ಅದು ಅಂತರಂಗ ತಪಸ್ಸುಗಳಲ್ಲೊಂದು. ಸಲ್ಲೇಖನ ಕೈಗೊಂಡ ಒಬ್ಬ ಕ್ಷಪಕನ ಶುಶ್ರೂಷೆಗೆ 48 ನಿರ್ಯಾಪಕ ಮುನಿಗಳಿರಬೇಕೆಂದು ಭಗವತೀ ಆರಾಧನೆ ವಿಧಿಸುತ್ತದೆ. ಅಲ್ಲಿ ಯಾರೂ ಒಂಟಿಯಾಗಿ ಸಾಯುವುದಿಲ್ಲ.

ನರಗುಂದವಿರಲಿ, ಗಜೇಂದ್ರಗಡವಿರಲಿ, ಹಾಸಿಗೆ ಹಿಡಿದ ಹಿರಿಯರು "ನಿಮಗೆ ಭಾರವಾದೆ, ಇನ್ನು ಹೋಗಿಬಿಡಬೇಕು" ಎಂದಾಗ ಅದನ್ನು ವ್ರತಸಂಕಲ್ಪವೆಂದು ತಿಳಿಯಬಾರದು. ಅದು ಮರಣಾಶಂಸೆ, ಬಹುಪಾಲು ನಮ್ಮ ಸೇವೆಯ ಕೊರತೆಯ ಕನ್ನಡಿ. ಆಗ ಮನೆಯವರು ಮಾಡಬೇಕಾದುದು ಪಕ್ಕದಲ್ಲಿ ಕುಳಿತು ಕೈ ಹಿಡಿಯುವುದು, ನೋವಿಗೆ ಔಷಧ ಕೊಡಿಸುವುದು, ಪಂಚನಮಸ್ಕಾರ ಕೇಳಿಸುವುದು. ಭಾರವೆಂಬ ಭಾವ ಕಳೆದ ಮೇಲೆ ಉಳಿಯುವ ಸಮಚಿತ್ತದಲ್ಲಿಯೇ ಸಮಾಧಿಮರಣದ ಬೀಜವಿದೆ.