ಬೀದರಿನ ರೋಗಿಯ ಹಾದಿ
ಬೀದರಿನ ರೋಗಿಗೆ ಹೈದರಾಬಾದು ಹತ್ತಿರ, ಬೆಂಗಳೂರು ಬಲುದೂರ. 1956ರ ಏಕೀಕರಣವು ನಕ್ಷೆಯನ್ನು ಬದಲಿಸಿತೇ ಹೊರತು ರೋಗಿಯ ಹಾದಿಯನ್ನಲ್ಲ. 1961ರಲ್ಲಿ ಬಳ್ಳಾರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ದೊರೆಯಿತು. ಬೀದರ್, ರಾಯಚೂರುಗಳು 2007ರವರೆಗೆ ಕಾದವು. ನಲವತ್ತಾರು ವರ್ಷ!

ಈ ನಡುವೆ, 1996ರಲ್ಲಿ, ವಿಶ್ವಬ್ಯಾಂಕಿನ ಸಾಲದಿಂದ ರಾಜ್ಯದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಜೀರ್ಣೋದ್ಧಾರಕ್ಕೆ ಕೈಹಚ್ಚಲಾಯಿತು. ಆದರೆ ಅರಿವಳಿಕೆ ನೀಡುವ ವೈದ್ಯರಿಲ್ಲದಿದ್ದರೆ, ಎಷ್ಟೇ ಹೊಳೆದರೂ ಶಸ್ತ್ರಚಿಕಿತ್ಸೆಯ ಕೊಠಡಿ ಬರಿಯ ಕೊಠಡಿಯೇ. ಹೆರಿಗೆ ಕಷ್ಟವಾದ ತಾಯಿಯನ್ನು ರಾತ್ರೋರಾತ್ರಿ ಜಿಲ್ಲಾ ಕೇಂದ್ರಕ್ಕೆ ಸಾಗಿಸಬೇಕಾಗುತ್ತದೆ.

2013ರಲ್ಲಿ ಜಾರಿಗೆ ಬಂದ ಸಂವಿಧಾನದ 371ಜೆ ವಿಧಿಯ ಫಲವಾಗಿ ಇಲ್ಲಿಯ ಕಾಲೇಜುಗಳಲ್ಲಿ ಈ ಭಾಗದ ವಿದ್ಯಾರ್ಥಿಗಳಿಗೆ ಸ್ಥಾನಗಳು ಮೀಸಲಾದವು. ನಾಡಿನ ಮಕ್ಕಳೇ ವೈದ್ಯರಾದರೆ ಊರಿಗೆ ಮರಳಿಯಾರೆಂಬ ಎಣಿಕೆ. ಮರಳಿದವರಿಗೆ ವಾಸಕ್ಕೊಂದು ಮನೆ, ಮಕ್ಕಳಿಗೊಂದು ಶಾಲೆ ಬೇಕೆಂಬುದೂ ಆ ಎಣಿಕೆಯಲ್ಲಿ ಸೇರಿತ್ತೋ ಏನೋ.