ಘಟ್ಟದ ನಿಯಮಕ್ಕೂ ಅರಕೇರಿ ದ್ರಾಕ್ಷಿಗೂ ಏನು ಸಂಬಂಧ?

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಅಂದ್ರ ಮಲೆನಾಡಿನವರ ಜಗಳ ಅಂತ ನಮ್ಮ ಅರಕೇರಿ ಕಡೆ ಸುಮ್ಮನಾಗಿಬಿಡ್ತೀವಿ. ಆದ್ರ ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಯಲ್ಲಿ ನಮ್ಮ ಭಾಗದ ಕೆರೆಗಳಿಗೆ ಬರೋದು ಕೃಷ್ಣೆ ನೀರು. ಆಕಿ ಹುಟ್ಟೋದು ಮಹಾಬಳೇಶ್ವರದ ಘಟ್ಟದಾಗ. ಕೆರೆ ತುಂಬಿದ್ರ ಬೋರ್‌ವೆಲ್ ಉಳಿತಾವ, ಬೋರ್‌ವೆಲ್ ಉಳಿದ್ರ ದ್ರಾಕ್ಷಿ.

2024ರ ಜುಲೈ 31ರಂದು, ವಯನಾಡು ಭೂಕುಸಿತದ ಮರುದಿನ, ಕೇಂದ್ರ ಪರಿಸರ ಸಚಿವಾಲಯ ಘಟ್ಟದ ಬಗ್ಗೆ ಆರನೇ ಕರಡು ಅಧಿಸೂಚನೆ ಹೊರಡಿಸಿತು. ಆರು ರಾಜ್ಯಗಳ ಸುಮಾರು 56,825 ಚದರ ಕಿ.ಮೀ. ಅದರಲ್ಲಿದೆ, ಕರ್ನಾಟಕದ್ದೇ 20,668. ಇದಕ್ಕೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ನಮ್ಮ ರಾಜ್ಯ ಸಚಿವ ಸಂಪುಟ ಅದೇ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿತು. "ಮನಿ ಕಟ್ಟಾಕ ಬಿಡಂಗಿಲ್ಲ, ಹೊಲ ಹೋಗತೈತಿ" ಅನ್ನೋ ಭಯ ಅಲ್ಲಿನ ರೈತರಿಗೆ ಇವತ್ತಿಗೂ ಐತಿ.

ಕರಡು ತೆಗೆದು ನೋಡ್ರಿ. ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಹೊಸ ಕಾರ್ಖಾನೆಗೆ ನಿಷೇಧ. 20,000 ಚದರ ಮೀಟರ್, ಅಂದ್ರ ಸುಮಾರು 2.15 ಲಕ್ಷ ಚದರ ಅಡಿ ಮೇಲಿನ ಕಟ್ಟಡಕ್ಕೂ ನಿಷೇಧ. 50 ಹೆಕ್ಟೇರ್, ನಮ್ಮ ಲೆಕ್ಕದಾಗ ಹತ್ತತ್ರ 124 ಎಕರೆ, ಮೇಲಿನ ಟೌನ್‌ಶಿಪ್‌ಗೂ ಅಷ್ಟೇ. ಬೇರೆ ಕಡೆ ಇಷ್ಟು ದೊಡ್ಡದನ್ನು ಪರಿಸರ ಅನುಮತಿ ತಗೊಂಡು ಕಟ್ಟಬಹುದು. ಇಲ್ಲಿ ಅದೂ ಇಲ್ಲ. ಇರೋ ಮನಿ ರಿಪೇರಿ, ವಿಸ್ತರಣೆಗೆ ಅಡ್ಡಿಯಿಲ್ಲ. ಯಾವ ರೈತನ ಒಣದ್ರಾಕ್ಷಿ ಶೆಡ್ಡೂ ಎರಡು ಲಕ್ಷ ಅಡಿ ಇರಂಗಿಲ್ಲ ಬಿಡ್ರಿ!

ನನ್ನ ತಕರಾರು ಬೇರೆ. ನಿಯಮ ಅಳೆಯೋದು ಒಂದೊಂದೇ ಯೋಜನೆಯ ಗಾತ್ರ. 19,000 ಚದರ ಮೀಟರಿನ ರಿಸಾರ್ಟ್ ಒಂದೇ ಹಳ್ಳದ ಮೇಲೆ ನಾಲ್ಕು ಬಂದ್ರ, ಈ ಮಿತಿಯೊಂದೇ ಅವನ್ನ ತಡೆಯಂಗಿಲ್ಲ. ಗುಡ್ಡ ಹೀರಿಕೊಳ್ಳೋ ಮಳಿ ಮಾತ್ರ ನಾಲ್ಕರಿಂದಲೂ ಕಡಿಮಿ ಆಗತೈತಿ. ರೈತರನ್ನ ಹೆದರಿಸೋ ಮಂದಿ ಈ ಸಂದಿ ಬಗ್ಗೆ ಬಾಯಿ ಬಿಡಂಗಿಲ್ಲ.

ಇಂಥ ಕರಡು ಗೆಜೆಟ್‌ನಲ್ಲಿ ಬಂದ ಮೇಲೆ ಆಕ್ಷೇಪಣೆಗೆ 60 ದಿನ ಇರತಾವ. ಯಾರಾದರೂ ಬರೀಬಹುದು, ಆ ಊರಿನವರೇ ಆಗಬೇಕಂತಿಲ್ಲ. ಕೃಷ್ಣೆ ನೀರು ಬಳಸೋ ನೀವೂ ಬರೀಬಹುದು. ಇ-ಗೆಜೆಟ್ ಮೊಬೈಲ್‌ನಾಗೇ ತೆರೀತೈತಿ. ಕೊನೆಯಲ್ಲಿರೋ ಊರುಗಳ ಪಟ್ಟಿ ಮೊದಲು ನೋಡ್ರಿ, ಆಮೇಲೆ ನಿಷೇಧದ ಕಲಂ. ಪತ್ರದಾಗ ಯಾವ ಕಲಂ, ಅದರಿಂದ ನಿಮಗೇನಾಗತೈತಿ, ಏನು ಬದಲಾಗಬೇಕು ಅಂತ ಮೂರೇ ಮಾತು ಬರದು, ಅದರಾಗೇ ಕೊಟ್ಟಿರೋ ಇ-ಮೇಲ್‌ಗೆ ಕಳಿಸ್ರಿ.