ಯಾರಾದರೂ ನೋಡಿಬಿಟ್ಟರೆ?

ಮುಳಬಾಗಿಲಿನ ಹುಡುಗನಿಗೆ ಜ್ವರ ಬಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲುತ್ತಾನೆ. ತಿಂಗಳಿಂದ ನಿದ್ದೆಯಿಲ್ಲ, ಓದಿದ್ದು ತಲೆಗೆ ಹತ್ತುತ್ತಿಲ್ಲ ಎಂದಾದರೆ ಅದೇ ಸಾಲಿಗೆ ಬರುವುದಿಲ್ಲ. ಅಲ್ಲಿ ದೊಡ್ಡಮ್ಮನ ಮನೆಯವರೋ ಪಕ್ಕದ ಬೀದಿಯವರೋ ಇದ್ದೇ ಇರುತ್ತಾರೆ.

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕ ಇರಲಿಲ್ಲ. ಆದರೆ ಅದರ ಪೂರ್ವಭಾವಿ ಪ್ರಯೋಗ ನಡೆದದ್ದು ಕೋಲಾರ ಜಿಲ್ಲೆಯಲ್ಲೇ, 3,190 ಜನರ ನಡುವೆ. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆಗಳಿದ್ದವರಲ್ಲಿ ಸುಮಾರು ಶೇ 85 ಮಂದಿ ಚಿಕಿತ್ಸೆಯಿಂದ ದೂರವೇ ಉಳಿದಿದ್ದಾರೆಂದು ಮುಖ್ಯ ಸಮೀಕ್ಷೆ ಹೇಳಿತು.

ಮನಸ್ಸಿನ ತೊಂದರೆಗೆ ತಜ್ಞರ ನೆರವು ಕೇಳುವ ಬಗ್ಗೆ ವಿದ್ಯಾರ್ಥಿಗಳ ಒಲವನ್ನು ಅಳೆಯಲು ಅಮೆರಿಕದ ಫಿಷರ್ ಮತ್ತು ಟರ್ನರ್ 1970ರಲ್ಲಿ ರೂಪಿಸಿದ 29 ಹೇಳಿಕೆಗಳ ಮಾಪಕವಿದೆ. 1995ರಲ್ಲಿ ಅದು 10 ಹೇಳಿಕೆಗಳಿಗೆ ಇಳಿಯಿತು. ತರಗತಿಯಲ್ಲಿ ಕೂತು 'ಹೋಗುತ್ತೇನೆ' ಎಂದು ಗುರುತು ಹಾಕುವುದು ಸುಲಭ. ನೆಮ್ಮದಿಯಾಗಿದ್ದಾಗ ಕೊಟ್ಟ ಆ ಉತ್ತರವನ್ನು ನಾನು ಅಷ್ಟಾಗಿ ನಂಬಲಾರೆ. ಏಕೆಂದರೆ ಸಂಕಟ ಹೆಚ್ಚಿದಷ್ಟೂ ನೆರವು ಕೇಳುವ ಮನಸ್ಸು ಕುಗ್ಗುತ್ತದೆಂದು ಆಸ್ಟ್ರೇಲಿಯಾದ ಸಂಶೋಧಕರು ವಿದ್ಯಾರ್ಥಿಗಳಲ್ಲಿ ಕಂಡಿದ್ದಾರೆ. ಖಿನ್ನತೆ ಮೊದಲು ಕಸಿಯುವುದೇ 'ಏನಾದರೂ ಮಾಡಿದರೆ ಸರಿಹೋದೀತು' ಎಂಬ ನಿರೀಕ್ಷೆಯನ್ನು. ಜೊತೆಗೆ, ಇಷ್ಟನ್ನೂ ತಡೆದುಕೊಳ್ಳಲಾಗದವನು ನಾನು ಎಂಬ ನಾಚಿಕೆ. ಮೂಳೆ ಮುರಿದವನಿಗೆ ನೋವು ಹೆಚ್ಚಾದಷ್ಟೂ ಆಸ್ಪತ್ರೆ ನೆನಪಾಗುತ್ತದೆ, ಇಲ್ಲಿ ತಿರುಗುಮುರುಗು.

ಕೋಲಾರದಂಥ ಗಡಿಜಿಲ್ಲೆಯಲ್ಲಿ ಇನ್ನೊಂದು ತೊಡಕೂ ಇದೆ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕಾಲೇಜಿನಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಎದೆಯ ಭಾರವನ್ನು ಯಾವ ಭಾಷೆಯಲ್ಲಿ ಇಳಿಸಬೇಕು? 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿಯಲ್ಲಿ (14416) ಕನ್ನಡ, ತೆಲುಗು ಎರಡೂ ಸಿಗುತ್ತವೆ. ಆದರೆ ಎರಡೇ ಕೋಣೆಯ ಮನೆಯಲ್ಲಿ ಯಾರಿಗೂ ಕೇಳಿಸದಂತೆ ಫೋನ್ ಮಾಡುವುದೂ ಕಷ್ಟವೇ. ಮಾಲೂರಿನಿಂದ ರೈಲಿನಲ್ಲಿ ಓಡಾಡುವವರಿಗೆ ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಾದರೂ ಉಂಟು.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಬರುವ ಏರ್ಪಾಡಿದೆ. ಸ್ವಂತ ತಾಲ್ಲೂಕು ಮುಜುಗರವೆನಿಸಿದರೆ ಬಸ್ಸು ಹತ್ತಿ ಕೋಲಾರಕ್ಕೆ ಹೋಗಬಹುದು. ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ವೈದ್ಯರು ಕಾಲೇಜಿಗೆ ಹೇಳಿಬಿಟ್ಟರೆ ಎಂಬ ಭಯಕ್ಕೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಮಿನಲ್ಲಿ ಉತ್ತರವಿದೆ: ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶದಂಥ ಕೆಲವು ಸಂದರ್ಭಗಳ ಹೊರತು ಕಾಯಿಲೆಯ ವಿವರ ಗೋಪ್ಯವಾಗಿಯೇ ಇರಬೇಕು.